ಹೊರೆಯನ್ನು ಎಲ್ಲಿ ಬಿಚ್ಚಬೇಕು?



ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಗೆ ದೂರದ ಊರಿನವರು ಬರುವುದು ಪಂಚಲಿಂಗೇಶ್ವರ ದೇವಾಲಯ ನೋಡುವುದಕ್ಕೆ. ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದ, ಅಂದರೆ 13ನೇ ಶತಮಾನದ ಗುಡಿ ಅದು. ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತಿವೆ, ಐದಕ್ಕೂ ಬೇರೆ ಬೇರೆ ಶಿಖರ. ಹೊಯ್ಸಳರ ಕಟ್ಟಡಗಳಲ್ಲಿ ಏಕಕೂಟ, ದ್ವಿಕೂಟ, ತ್ರಿಕೂಟ ಬೇಕಾದಷ್ಟು ಸಿಗುತ್ತವೆ. ಪಂಚಕೂಟ ಬಲು ಅಪರೂಪ. ನುಗ್ಗೇಹಳ್ಳಿಯಲ್ಲಿ, ಸೋಮನಾಥಪುರದಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಉಳಿ ಇಲ್ಲೂ ಆಡಿದೆ.

ಈ ಗುಡಿಗೆ ಬಂದವರು ಫೋಟೊ ತೆಗೆಯದೆ ಹಿಂತಿರುಗುವುದಿಲ್ಲ. ದ್ವಾರಪಾಲಕನ ಒಂದು ಒಳ್ಳೆಯ ಫೋಟೊ ಸುಮಾರು 3 ಎಂಬಿ, ಅಂದರೆ 30 ಲಕ್ಷ ಬೈಟು. ಊರಿನ ವಿದ್ಯಾರ್ಥಿನಿಯೊಬ್ಬಳು ಆ ಫೋಟೊವನ್ನು ತನ್ನ ಲ್ಯಾಪ್‌ಟಾಪಿನಿಂದ ಮೈಸೂರಿನ ಗೆಳತಿಗೆ ಕಳಿಸುತ್ತಾಳೆ ಅಂತ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇದೆ. ಕಳಿಸುವ ಗುಂಡಿ ಒತ್ತಿದ ಮೇಲೆ ಆ ಫೋಟೊ ಯಂತ್ರದಿಂದ ಹೊರಬೀಳುವುದರೊಳಗೆ ಏನೇನು ನಡೆಯುತ್ತದೆ ಅನ್ನುವುದು ಇವತ್ತಿನ ಮಾತು. ಇದರಲ್ಲಿ ಒಂದೊಂದು ಹೆಜ್ಜೆಯೂ ಮುಗಿಯುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಆದರೆ ಅದನ್ನು ಸರಿಯಾಗಿ ಜೋಡಿಸುವುದಕ್ಕೆ ಜಗತ್ತಿನ ಒಳ್ಳೊಳ್ಳೆಯ ಎಂಜಿನಿಯರುಗಳು ಇಪ್ಪತ್ತು ವರ್ಷಕ್ಕೂ ಮೀರಿ ದುಡಿದಿದ್ದಾರೆ. ಆ ಕೆಲಸದಲ್ಲಿ ನಮ್ಮ ಸುರತ್ಕಲ್ಲಿನ ಪಾಲೂ ಇದೆ.

ಫೋಟೊ ಇಡಿಯಾಗಿ ಹೋಗುವುದಿಲ್ಲ. ಅಂತರ್ಜಾಲದಲ್ಲಿ ಓಡಾಡುವುದೆಲ್ಲ ಪ್ಯಾಕೆಟ್‌ಗಳು, ಅಂದರೆ ಸಣ್ಣ ಸಣ್ಣ ತುಣುಕುಗಳು. ನಮ್ಮ ಮನೆ, ಕಚೇರಿ, ಕಾಲೇಜುಗಳಲ್ಲಿರುವ ಈಥರ್ನೆಟ್ ಜಾಲದಲ್ಲಿ ಒಂದು ಪ್ಯಾಕೆಟ್ಟಿನ ಗಾತ್ರಕ್ಕೆ 1500 ಬೈಟಿನ ಮಿತಿ ಉಂಟು. ಅದರಲ್ಲಿ ವಿಳಾಸ, ಕ್ರಮಸಂಖ್ಯೆ ಮೊದಲಾದ ಬರಹಕ್ಕೆ, ಅಂದರೆ ಹೆಡರ್‌ಗೆ, ಒಂದಿಷ್ಟು ಜಾಗ ಹೋಗಿ, ನಿಜವಾದ ಸರಕಿಗೆ ಉಳಿಯುವುದು ಸಾಮಾನ್ಯವಾಗಿ 1448 ಬೈಟು. ಲೆಕ್ಕ ಹಾಕಿದರೆ ನಮ್ಮ ದ್ವಾರಪಾಲಕ ಎರಡು ಸಾವಿರಕ್ಕೂ ಹೆಚ್ಚು ತುಣುಕಾಗಬೇಕು. ಮೈಸೂರಿನಲ್ಲಿ ಆ ಎರಡು ಸಾವಿರವನ್ನೂ ಒಂದೂ ತಪ್ಪದಂತೆ ಜೋಡಿಸಬೇಕು. ಈ ಜವಾಬ್ದಾರಿ ಹೊತ್ತಿರುವ ನಿಯಮಾವಳಿಗೆ ಟಿಸಿಪಿ ಎಂದು ಹೆಸರು.

ತುಣುಕು ಮಾಡುವವರು ಯಾರು? ಹಳೆಯ ಕ್ರಮದಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲೇ ಅದನ್ನು ಮಾಡುತ್ತಿತ್ತು. ಅದೂ ತನ್ನ ಕೆಲಸದ ಮೊದಲ ಹಂತದಲ್ಲಿ, ಟಿಸಿಪಿಯ ಮಟ್ಟದಲ್ಲೇ. ಫೋಟೊದ ಬೈಟುಗಳು ಬಂದ ಕೂಡಲೆ 1448ರಂತೆ ಕತ್ತರಿಸುವುದು, ಪ್ರತಿ ತುಣುಕಿಗೂ ಕರ್ನಲ್ಲಿನ ನೆನಪಿನಲ್ಲಿ ಬೇರೆಯೇ ಒಂದು ಜಾಗ ಕೊಡುವುದು, ಹೆಡರ್ ಬರೆಯುವುದು, ಅದು ಹೋಗಬೇಕಾದ ದಾರಿ ಹುಡುಕುವುದು, ಫೈರ್‌ವಾಲ್ ನಿಯಮಗಳಿಗೆ ಒಂದೊಂದಾಗಿ ಒಡ್ಡುವುದು, ಹೊರಹೋಗುವ ಸಾಲಿನಲ್ಲಿ ನಿಲ್ಲಿಸುವುದು, ಕೊನೆಗೆ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶದ ಕೈಗೆ ಒಪ್ಪಿಸುವುದು. ಎರಡು ಸಾವಿರ ತುಣುಕಿಗೂ ಇದೇ ಮೆರವಣಿಗೆ, ಎರಡು ಸಾವಿರ ಸಲ.

ಒಂದು ಫೋಟೊಗೆ ಇದು ದೊಡ್ಡ ಹೊರೆಯಲ್ಲ. ಆದರೆ ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಕೂತ ಸರ್ವರ್ ಒಂದನ್ನು ನೆನೆಯಿರಿ. ಅದರ ತಂತಿ ಸೆಕೆಂಡಿಗೆ 10 ಗಿಗಾಬಿಟ್‌ನದು. ಆ ತಂತಿಯನ್ನು 1500 ಬೈಟಿನ ಪ್ಯಾಕೆಟ್‌ಗಳಿಂದ ತುಂಬಬೇಕಾದರೆ ಸೆಕೆಂಡಿಗೆ 8 ಲಕ್ಷಕ್ಕೂ ಮೀರಿದ ಪ್ಯಾಕೆಟ್ ಬೇಕು. ಒಂದೊಂದಕ್ಕೆ ಸಿಗುವ ಸಮಯ ಒಂದೂಕಾಲು ಮೈಕ್ರೊಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಮೇಲೆ ಹೇಳಿದ ಮೆರವಣಿಗೆಯೆಲ್ಲ ಮುಗಿಯಬೇಕು. ಪ್ರೊಸೆಸರಿಗೆ ಬೇರೆ ಕೆಲಸಕ್ಕೆ ಉಸಿರೇ ಇಲ್ಲ.

ಇಲ್ಲಿ ನಮ್ಮ ಮಂಡ್ಯ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತಿರುವ ಕಬ್ಬಿನ ಸಂಗತಿಯೊಂದನ್ನು ಹೇಳುತ್ತೇನೆ. ಗದ್ದೆಯಿಂದ ಕಾರ್ಖಾನೆಗೆ ಕಬ್ಬು ಹೋಗುವಾಗ ಟ್ರ್ಯಾಕ್ಟರಿನ ಇಡೀ ಲೋಡಿಗೆ ಒಂದೇ ತೂಕ, ಒಂದೇ ಚೀಟಿ. ಜಲ್ಲೆ ಜಲ್ಲೆಗೂ ಬೇರೆ ಚೀಟಿ ಬರೆಸಿ, ಬೇರೆ ತೂಕ ಹಾಕಿಸುತ್ತೇನೆ ಅಂತ ಯಾರಾದರೂ ಹೊರಟರೆ ಆ ಹಂಗಾಮು ಮುಗಿದರೂ ಗೇಟು ದಾಟಲಾಗದು. ಜಲ್ಲೆಗಳು ತುಂಡಾಗುವುದು ಒಳಗೆ, ಅರೆಯುವ ಯಂತ್ರಕ್ಕೆ ಸ್ವಲ್ಪ ಮುಂಚೆ, ಅದಕ್ಕೆಂದೇ ಇರುವ ಕತ್ತಿಗಳ ಕೆಳಗೆ. ಕರ್ನಲ್ಲಿಗೂ ಹೀಗೇ ಯಾಕೆ ಮಾಡಬಾರದು ಎಂಬ ಪ್ರಶ್ನೆಯಿಂದ ಹುಟ್ಟಿದ ಉಪಾಯಕ್ಕೆ ಟಿಸಿಪಿ ಸೆಗ್ಮೆಂಟೇಶನ್ ಆಫ್‌ಲೋಡ್ ಎಂದು ಹೆಸರು, ಚಿಕ್ಕದಾಗಿ ಟಿಎಸ್‌ಒ.

ಟಿಎಸ್‌ಒದಲ್ಲಿ ಕರ್ನಲ್ 64 ಕಿಲೊಬೈಟಿನವರೆಗಿನ ಒಂದು ದೊಡ್ಡ ಹೊರೆಯನ್ನು ಹಾಗೇ ಕಟ್ಟುತ್ತದೆ. ಅದಕ್ಕೆ ಒಂದೇ ಹೆಡರ್. ದಾರಿ ಹುಡುಕುವುದು ಒಂದು ಸಲ, ಫೈರ್‌ವಾಲ್ ಒಂದು ಸಲ, ಸಾಲು ಒಂದು ಸಲ. ಕೊನೆಯಲ್ಲಿ ಕಾರ್ಡಿನ ಕೈಗೆ ಹೊರೆಯನ್ನೂ, ಜೊತೆಗೆ 1448ರಂತೆ ಕತ್ತರಿಸು ಎಂಬ ಒಂದು ಸಂಖ್ಯೆಯನ್ನೂ ಕೊಡುತ್ತದೆ. ಕತ್ತರಿಸುವುದು ಕಾರ್ಡಿನ ಚಿಪ್ಪು. ಸುಮಾರು 45 ಪ್ಯಾಕೆಟ್‌ಗಳ ಮೆರವಣಿಗೆ ಒಂದಕ್ಕೆ ಇಳಿಯಿತು. 64 ಕಿಲೊಬೈಟ್ ಎಂಬ ಮಿತಿ ಎಲ್ಲಿಂದ ಬಂತು ಅಂದರೆ, ವಿಳಾಸದ ಕೆಲಸ ನೋಡಿಕೊಳ್ಳುವ ಐಪಿ ಎಂಬ ನಿಯಮಾವಳಿಯ ಹೆಡರಿನಲ್ಲಿ ಪ್ಯಾಕೆಟ್ಟಿನ ಉದ್ದ ಬರೆಯುವುದಕ್ಕೆ ಇರುವುದು 16 ಬಿಟ್ಟಿನ ಜಾಗ. ಅದರಲ್ಲಿ 65,535ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ.

ಕಾರ್ಡು ಕತ್ತರಿಸುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕರ್ನಲ್ ಕೊಟ್ಟ ಒಂದು ಹೆಡರನ್ನು ಅದು ಮಾದರಿಯಾಗಿ ಇಟ್ಟುಕೊಂಡು ಪ್ರತಿ ತುಣುಕಿನ ಮುಂದೆಯೂ ನಕಲು ಮಾಡುತ್ತದೆ. ಕಳಿಸುವವರ ವಿಳಾಸ, ಪಡೆಯುವವರ ವಿಳಾಸ, ಪೋರ್ಟ್ ಸಂಖ್ಯೆ ಬದಲಾಗುವುದಿಲ್ಲ. ಕ್ರಮಸಂಖ್ಯೆ ಮಾತ್ರ ಪ್ರತಿ ತುಣುಕಿಗೂ 1448ರಂತೆ ಏರಬೇಕು. ಐಪಿ ಹೆಡರಿನ ಗುರುತಿನ ಸಂಖ್ಯೆ ಒಂದೊಂದರಂತೆ ಏರಬೇಕು. ಕೊನೆಯ ತುಣುಕು ಗಿಡ್ಡವಾಗಿದ್ದರೆ ಉದ್ದ ತಿದ್ದಬೇಕು. ಮಾತು ಮುಗಿಯಿತು ಎಂದು ಸೂಚಿಸುವ ಫಿನ್ ಎಂಬ ಬಿಟ್ಟು ಹೊರೆಯ ಮೇಲಿದ್ದರೆ ಅದು ಕೊನೆಯ ತುಣುಕಿಗೆ ಮಾತ್ರ ಹೋಗಬೇಕು; ಮೊದಲನೆಯದಕ್ಕೇ ಹೋದರೆ ಮೈಸೂರಿನ ಯಂತ್ರ ಫೋಟೊ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತದೆ. ದಟ್ಟಣೆಯ ಸೂಚನೆಗೆ ನಾನು ವೇಗ ತಗ್ಗಿಸಿದ್ದೇನೆ ಎಂದು ಹೇಳುವ ಇನ್ನೊಂದು ಬಿಟ್ಟಿದೆ, ಅದು ಇದಕ್ಕೆ ತದ್ವಿರುದ್ಧವಾಗಿ ಮೊದಲ ತುಣುಕಿನ ಮೇಲೆ ಮಾತ್ರ ಇರಬೇಕು. ಇಷ್ಟೆಲ್ಲ ಆದಮೇಲೆ ಒಂದೊಂದಕ್ಕೂ ಹೊಸದಾಗಿ ಚೆಕ್‌ಸಮ್, ಅಂದರೆ ಬೈಟುಗಳು ಕೆಟ್ಟಿಲ್ಲ ಎಂದು ತಾಳೆ ನೋಡುವ ಮೊತ್ತ. ಇಡೀ ಪಟ್ಟಿಯಲ್ಲಿ ಯೋಚಿಸಿ ತೀರ್ಮಾನಿಸಬೇಕಾದ್ದು ಒಂದೂ ಇಲ್ಲ. ಬರೀ ಕೂಡುವ, ನಕಲು ಮಾಡುವ ಕೆಲಸ. ಇಂಥದ್ದು ಚಿಪ್ಪಿಗೆ ಹೇಳಿ ಮಾಡಿಸಿದ್ದು.

ಈ ಏರ್ಪಾಡು ಗೊತ್ತಿಲ್ಲದೆ ಗಾಬರಿಯಾಗುವ ವಿದ್ಯಾರ್ಥಿಗಳು ಬಹಳ. ಲ್ಯಾಬಿನಲ್ಲಿ ಟಿಸಿಪಿಡಂಪ್ ಎಂಬ ಉಪಕರಣ ಹಚ್ಚಿ ತಮ್ಮ ಯಂತ್ರದಿಂದ ಹೊರಡುವ ಪ್ಯಾಕೆಟ್‌ಗಳನ್ನು ನೋಡುತ್ತಾರೆ. ಉದ್ದ 43,440 ಎಂದು ಬರೆದಿರುತ್ತದೆ. 1500ರ ಮಿತಿ ಎಂದು ಮೇಷ್ಟ್ರು ಹೇಳಿದ್ದರಲ್ಲ, ಇದೇನು ಇದು? ಮಿತಿಯೂ ಸುಳ್ಳಲ್ಲ, ಉಪಕರಣವೂ ಕೆಟ್ಟಿಲ್ಲ. 43,440 ಅಂದರೆ ಸರಿಯಾಗಿ 1448ರ ಮೂವತ್ತು ಪಟ್ಟು. ಉಪಕರಣ ಇಣುಕಿ ನೋಡುವ ಜಾಗ ಕಾರ್ಡಿಗಿಂತ ಮೇಲಿದೆ. ಅದಕ್ಕೆ ಕಂಡದ್ದು ಇನ್ನೂ ಬಿಚ್ಚದ ಹೊರೆ. ಇಥ್‌ಟೂಲ್ ಎಂಬ ಆದೇಶಕ್ಕೆ ಸಣ್ಣ ಅಕ್ಷರದ ಕೆ ಸೇರಿಸಿ ಕೇಳಿದರೆ ಯಂತ್ರವೇ ತನ್ನ ಕಾರ್ಡಿನ ಈ ಸಾಮರ್ಥ್ಯಗಳ ಪಟ್ಟಿ ಕೊಡುತ್ತದೆ, ಯಾವುದು ಚಾಲೂ ಇದೆ, ಯಾವುದು ಇಲ್ಲ ಅಂತ. ದೊಡ್ಡ ಅಕ್ಷರದ ಕೆ ಹಾಕಿ ಟಿಎಸ್‌ಒ ಆಫ್ ಮಾಡಬಹುದು. ಮಾಡಿ ನೋಡಿದವರಿಗೆ ಅರ್ಧ ಗಂಟೆಯಲ್ಲಿ ಸಿಗುವ ತಿಳಿವಳಿಕೆ ಏಳು ಪದರದ ಚಿತ್ರವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರಿಗೆ ಇಡೀ ಸೆಮಿಸ್ಟರಿನಲ್ಲಿ ಸಿಗುವುದಿಲ್ಲ ಎಂದು ನಾನು ಖಂಡಿತವಾಗಿ ನಂಬಿದ್ದೇನೆ. ಆ ಚಿತ್ರದಲ್ಲಿ ಕತ್ತರಿಸುವ ಕೆಲಸ ಟಿಸಿಪಿ ಪದರದ್ದು. ನಿಜವಾದ ಯಂತ್ರದಲ್ಲಿ ಅದು ಎಲ್ಲಕ್ಕಿಂತ ಕೆಳಗೆ, ತಂತಿಯ ಬಾಯಲ್ಲಿ ನಡೆಯುತ್ತಿದೆ.

ಇತಿಹಾಸಕ್ಕೆ ಬಂದರೆ, ವಿಂಡೋಸ್ 2000ದಲ್ಲೇ ಇಂಥ ಸೌಲಭ್ಯ ಇತ್ತು. ಲಿನಕ್ಸಿಗೆ ಅದು ಬಂದದ್ದು 2002ರಲ್ಲಿ, 2.5.33 ಎಂಬ ಆವೃತ್ತಿಯಲ್ಲಿ. ಆಮೇಲೆ ಕೆಲವು ಕಾರ್ಡ್ ತಯಾರಕರು ಇನ್ನೂ ಮುಂದೆ ಹೋಗಿ, ಕತ್ತರಿಸುವುದೊಂದೇ ಯಾಕೆ, ಟಿಸಿಪಿಯ ಇಡೀ ವ್ಯವಹಾರವನ್ನೇ ಕಾರ್ಡಿಗೆ ಬಿಟ್ಟುಬಿಡಿ ಎಂದರು. 2005ರಲ್ಲಿ ಅಂಥ ಒಂದು ಪ್ರಸ್ತಾಪ ಬಂದಾಗ ಲಿನಕ್ಸ್ ನೆಟ್‌ವರ್ಕ್ ವಿಭಾಗದ ಉಸ್ತುವಾರಿ ನೋಡುತ್ತಿದ್ದ ಡೇವಿಡ್ ಮಿಲ್ಲರ್ ಮತ್ತು ಸಂಗಡಿಗರು ಒಪ್ಪಲಿಲ್ಲ. ಅವರು ಸರಿಯಾಗಿಯೇ ಮಾಡಿದರು. ಯಾವ ಪ್ಯಾಕೆಟ್ ತಲುಪಿತು, ಯಾವುದು ಕಳೆದುಹೋಯಿತು, ಈಗ ವೇಗ ಎಷ್ಟಿರಬೇಕು ಎಂಬ ತೀರ್ಮಾನವೆಲ್ಲ ಕಾರ್ಡಿನ ಹೊಟ್ಟೆಯೊಳಗೆ ಹೋದರೆ, ಅಲ್ಲಿ ಒಂದು ದೋಷ ಕಂಡಾಗ ತಿದ್ದುವುದು ತಯಾರಕನ ಮರ್ಜಿ. ಫೈರ್‌ವಾಲ್ ನಿಯಮಗಳಿಗೂ ಸಾಲಿನ ನಿರ್ವಹಣೆಗೂ ಅಲ್ಲಿ ಕೈ ಎಟುಕುವುದಿಲ್ಲ. ಕಾರ್ಡಿಗೆ ದುಡಿಮೆ ಕೊಡಿ, ಅಧಿಕಾರ ಕೊಡಬೇಡಿ ಎಂಬ ಗೆರೆ ಅಲ್ಲಿ ಬಿತ್ತು.

ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಘಟ್ಟ 2006ರದು. ಹರ್ಬರ್ಟ್ ಷು ಎಂಬ ಕರ್ನಲ್ ಬರಹಗಾರರು ಒಂದು ಸೂಕ್ಷ್ಮ ಗಮನಿಸಿದರು. ಟಿಎಸ್‌ಒದಿಂದ ಆಗುವ ಲಾಭದ ಬಹುಭಾಗ ಕತ್ತರಿಸುವುದನ್ನು ಚಿಪ್ಪು ಮಾಡುತ್ತದೆ ಎಂಬುದರಿಂದ ಬಂದದ್ದಲ್ಲ. ಆ ಉದ್ದನೆಯ ದಾರಿಯನ್ನು ನಲವತ್ತೈದು ಸಲ ನಡೆಯುವ ಬದಲು ಒಂದು ಸಲ ನಡೆಯುತ್ತೇವಲ್ಲ, ಲಾಭ ಅಲ್ಲಿದೆ. ಹಾಗಾದರೆ ಕಾರ್ಡಿಗೆ ಆ ಸಾಮರ್ಥ್ಯ ಇಲ್ಲದಿದ್ದರೂ ಏನಂತೆ? ಹೊರೆಯನ್ನು ಹೊರೆಯಾಗಿಯೇ ಡ್ರೈವರಿನ ಬಾಗಿಲವರೆಗೂ ತನ್ನಿ. ಅಲ್ಲಿ ಕೇಳಿ: ನೀನು ಕತ್ತರಿಸಬಲ್ಲೆಯಾ? ಹೌದು ಎಂದರೆ ಹಾಗೇ ಕೊಡಿ. ಇಲ್ಲ ಎಂದರೆ ಆ ಹೊಸ್ತಿಲಲ್ಲೇ ಕರ್ನಲ್ ತಾನು ಕತ್ತರಿಸಿ ಕೊಡಲಿ. ಇದಕ್ಕೆ ಜೆನೆರಿಕ್ ಸೆಗ್ಮೆಂಟೇಶನ್ ಆಫ್‌ಲೋಡ್, ಜಿಎಸ್‌ಒ, ಎಂದು ಹೆಸರಾಯಿತು. ಅದೇ ವರ್ಷ 2.6.18 ಆವೃತ್ತಿಯಲ್ಲಿ ಸೇರಿತು. ಹಳೆಯ, ಅಗ್ಗದ ಕಾರ್ಡಿದ್ದ ಯಂತ್ರಗಳಿಗೂ ಇದರ ಪ್ರಯೋಜನ ಬಂತು. ಹೊಸ ಯಂತ್ರಾಂಶ ಕೊಳ್ಳದೆ, ಕೆಲಸ ಮಾಡುವ ಜಾಗವನ್ನಷ್ಟೇ ಮುಂದಕ್ಕೆ ಸರಿಸಿ ಗಳಿಸಿದ ವೇಗ ಇದು. ಹಳ್ಳಿಯ ಶಾಲೆಗೆ ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರಿನಲ್ಲೂ ಈ ಉಪಾಯ ದುಡಿಯುತ್ತದೆ.

ಪಡೆಯುವ ಕಡೆ ಇದರ ಉಲ್ಟಾ ಆಗಬೇಕು. ಮೈಸೂರಿನಲ್ಲಿ ಬಂದ ತುಣುಕುಗಳನ್ನು ಮೇಲಕ್ಕೆ ಒಂದೊಂದಾಗಿ ಕಳಿಸುವ ಬದಲು ಕೆಳಗೇ ಹೊರೆ ಕಟ್ಟಿ ಕಳಿಸಬೇಕು. ಮೊದಲು ಬಂದ ವಿಧಾನ ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಸೇರಿಸಿಬಿಡುತ್ತಿತ್ತು. ಹೆಡರುಗಳ ನಡುವಿನ ಸಣ್ಣ ವ್ಯತ್ಯಾಸಗಳು ಅಲ್ಲೇ ಅಳಿಸಿಹೋಗುತ್ತಿದ್ದವು. ಪ್ಯಾಕೆಟ್ ತಲುಪಬೇಕಾದ ಕೊನೆಯ ಯಂತ್ರದಲ್ಲಾದರೆ ನಡೆಯುತ್ತದೆ. ಆದರೆ ನಡುವೆ ನಿಂತು ಮುಂದಕ್ಕೆ ದಾಟಿಸುವ ರೂಟರಿನಲ್ಲಿ ಹೀಗೆ ಮಾಡಿದರೆ ಪರರ ಕಾಗದವನ್ನು ತಿದ್ದಿ ಕಳಿಸಿದಂತೆ. 2009ರ 2.6.29 ಆವೃತ್ತಿಯಲ್ಲಿ ಷು ಅವರೇ ತಂದ ಜೆನೆರಿಕ್ ರಿಸೀವ್ ಆಫ್‌ಲೋಡ್, ಜಿಆರ್‌ಒ, ಇದಕ್ಕೆ ಕಟ್ಟುನಿಟ್ಟಿನ ನಿಯಮ ಹಾಕಿತು. ಮತ್ತೆ ಬಿಚ್ಚಿದರೆ ಬಂದ ಹಾಗೇ ತುಣುಕುಗಳು ಸಿಗಬೇಕು, ಅಷ್ಟು ಹೊಂದುವಂಥವನ್ನು ಮಾತ್ರ ಕಟ್ಟಬೇಕು.

ಹೊರೆ ಕಟ್ಟುವುದರಲ್ಲಿ ಅಪಾಯವೂ ಇದೆ. 2019ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯ ಜಾನಥನ್ ಲೂನಿ ಹೊರಗೆಡವಿದ ದೋಷವೊಂದು ಜಗತ್ತಿನ ಸರ್ವರ್ ನೋಡಿಕೊಳ್ಳುವವರ ನಿದ್ದೆ ಕೆಡಿಸಿತ್ತು. ಸ್ಯಾಕ್ ಪ್ಯಾನಿಕ್ ಎಂದು ಅದನ್ನು ಕರೆದರು. ಅದರ ಬೇರು ಒಂದೇ ಒಂದು ಎಣಿಕೆಯಲ್ಲಿತ್ತು. ಒಂದು ಹೊರೆಯೊಳಗೆ ಎಷ್ಟು ತುಣುಕಿದೆ ಎಂದು ಕರ್ನಲ್ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಕೊಟ್ಟ ಜಾಗ 16 ಬಿಟ್ಟು. ಸಾಮಾನ್ಯ ದಿನಗಳಲ್ಲಿ ಅಲ್ಲಿ ಬರುವ ಸಂಖ್ಯೆ ನಲವತ್ತು, ಐವತ್ತು. ಆದರೆ ಎದುರಿನವನು ದುರುದ್ದೇಶದಿಂದ, ನನಗೆ ತೀರಾ ಸಣ್ಣ ತುಣುಕೇ ಬೇಕು ಎಂದು ಹಠ ಹಿಡಿದರೆ, ಹೆಡರ್ ಕಳೆದು ಒಂದು ತುಣುಕಿನಲ್ಲಿ ಸರಕಿಗೆ ಉಳಿಯುವುದು 8 ಬೈಟು ಮಾತ್ರ. ಕಳೆದುಹೋದ ತುಣುಕುಗಳ ಲೆಕ್ಕ ಹಚ್ಚುವಾಗ ಕರ್ನಲ್ ಪಕ್ಕಪಕ್ಕದ ಹೊರೆಗಳನ್ನು ಒಂದುಗೂಡಿಸುತ್ತಿತ್ತು. ಒಂದು ಹೊರೆಯಲ್ಲಿ ಹೆಚ್ಚೆಂದರೆ 17 ಖಂಡಗಳು, ಒಂದೊಂದರಲ್ಲಿ 32 ಕಿಲೊಬೈಟ್. ಎಂಟರಿಂದ ಭಾಗಿಸಿ ನೋಡಿ: 69,632 ತುಣುಕು. 65,535ರ ಗಡಿ ದಾಟಿತು, ಎಣಿಕೆ ತಿರುಗಿಬಿತ್ತು, ಯಂತ್ರ ನಿಂತಿತು. 2.6.29ರಿಂದ ಈಚಿನ ಕರ್ನಲ್‌ಗಳೆಲ್ಲ ಇದಕ್ಕೆ ಒಡ್ಡಿಕೊಂಡಿದ್ದವು. ಇಷ್ಟು ಜನ ಓದಿದ ಬರಹದಲ್ಲಿ ಹತ್ತು ವರ್ಷ ಅಡಗಿ ಕೂತಿದ್ದ ದೋಷವನ್ನು ಹುಡುಕಿದ್ದು ಗುಣಾಕಾರ ಭಾಗಾಕಾರ. ಹತ್ತನೇ ಕ್ಲಾಸಿನ ಮಕ್ಕಳೂ ಮಾಡಬಲ್ಲ ಲೆಕ್ಕ ಅದು; ಮಾಡಬೇಕು ಎಂದು ತೋಚುವುದು ದೊಡ್ಡದು.

ಈಗ ಗೋವಿಂದನಹಳ್ಳಿಗೆ ವಾಪಸು ಹೋಗೋಣ. ಇಲ್ಲಿಯವರೆಗೆ ಹೇಳಿದ್ದು ದೊಡ್ಡ ತಂತಿಗಳಿಗಾಗಿ ಮಾಡಿದ ಏರ್ಪಾಡು. 64 ಕಿಲೊಬೈಟಿನ ಹೊರೆಯೊಂದು 10 ಗಿಗಾಬಿಟ್ ತಂತಿಯನ್ನು ದಾಟುವುದಕ್ಕೆ ಸುಮಾರು 52 ಮೈಕ್ರೊಸೆಕೆಂಡ್ ಸಾಕು. ಅದೇ ಹೊರೆ ಸೆಕೆಂಡಿಗೆ 10 ಮೆಗಾಬಿಟ್ ಸಂಪರ್ಕದಲ್ಲಿ 52 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಮಳೆಗಾಲದ ಸಂಜೆ ಸಿಗ್ನಲ್ ಕುಸಿದು, ಕಳಿಸುವ ವೇಗ 1 ಮೆಗಾಬಿಟ್‌ಗೆ ಇಳಿಯಿತು ಅನ್ನಿ. ಆಗ ಅರ್ಧ ಸೆಕೆಂಡಿಗೂ ಮೀರುತ್ತದೆ. ಆ ಅರ್ಧ ಸೆಕೆಂಡು ಬೇರೆ ಯಾವ ಪ್ಯಾಕೆಟ್ಟಿಗೂ ದಾರಿ ಇಲ್ಲ.

ಅದೇ ಹೊತ್ತಿನಲ್ಲಿ, ಆ ವಿದ್ಯಾರ್ಥಿನಿಯ ಮನೆಯಲ್ಲಿ, ಅದೇ ಸಂಪರ್ಕದಲ್ಲಿ ಅಜ್ಜಿ ಬೆಂಗಳೂರಿನ ಮೊಮ್ಮಗನ ಜೊತೆ ಮಾತಾಡುತ್ತಿದ್ದಾರೆ. ಇಂಟರ್ನೆಟ್ ಕರೆಯಲ್ಲಿ ಮಾತು ಹೋಗುವುದು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದು ಸಣ್ಣ ಪ್ಯಾಕೆಟ್ಟಿನಂತೆ. ಫೋಟೊದ ಒಂದು ಹೊರೆ ದಾರಿಗೆ ಅಡ್ಡ ಬಿದ್ದರೆ ಇಪ್ಪತ್ತೈದು ಮಾತಿನ ಪ್ಯಾಕೆಟ್‌ಗಳು ಹಿಂದೆ ನಿಂತಿರುತ್ತವೆ. ‘ಏನಪ್ಪಾ ಊಟ ಆಯ್ತಾ’ ಎನ್ನುವುದರಲ್ಲಿ ‘ಊಟ’ ನುಂಗಿಹೋಗುತ್ತದೆ. ಸಂಪರ್ಕ ಸರಿಯಿಲ್ಲ ಎಂದು ಎಲ್ಲರೂ ಬೈಯುತ್ತಾರೆ. ವೇಗ ಕಡಿಮೆ ಎಂಬುದು ನಿಜ. ಆದರೆ ಆ ಕಡಿಮೆ ವೇಗದಲ್ಲೂ ಮಾತಿನ ಪ್ಯಾಕೆಟ್‌ಗಳಿಗೆ ಧಾರಾಳವಾಗಿ ಜಾಗ ಇತ್ತು. ಕೆಟ್ಟದ್ದು ಸರತಿ.

ಹಳ್ಳಿಯ ಇಂಟರ್ನೆಟ್ ಅಂದರೆ ನಾವು ಯಾವಾಗಲೂ ವೇಗದ ಮಾತನ್ನೇ ಆಡುತ್ತೇವೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ, 2011ರಲ್ಲಿ ಕೇಂದ್ರದ ಒಪ್ಪಿಗೆ ಪಡೆದು ಆಮೇಲೆ ಭಾರತ್‌ನೆಟ್ ಎಂದು ಹೆಸರು ಬದಲಾದ ಯೋಜನೆಯ ಗುರಿಯೂ ಪಂಚಾಯಿತಿಗೆ 100 ಮೆಗಾಬಿಟ್ ಎಂಬ ಸಂಖ್ಯೆಯಲ್ಲೇ ಇತ್ತು. ಅದು ಬರಲಿ, ಬರಲೇಬೇಕು. ಆದರೆ ಇರುವ ದಾರಿಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಫೈಬರಿನಲ್ಲಿ ಇಲ್ಲ, ಕರ್ನಲ್ಲಿನ ಬರಹದಲ್ಲಿದೆ.

ಲಿನಕ್ಸಿನವರು ಈ ತೊಂದರೆಯನ್ನು ಕಂಡುಕೊಂಡರು. ಗೂಗಲ್ಲಿನ ಎರಿಕ್ ಡುಮಾಜೆ 2012ರಲ್ಲಿ ಒಂದು ತಿದ್ದುಪಡಿ ತಂದರು. ಒಂದೇ ಸಂಪರ್ಕ ಹೊರಹೋಗುವ ಸಾಲಿನಲ್ಲಿ ತನ್ನ ಹೊರೆಗಳನ್ನು ಗುಡ್ಡೆ ಹಾಕಿಕೊಳ್ಳದಂತೆ ಅದು ತಡೆಯಿತು. ಮುಂದಿನ ವರ್ಷ, 3.12 ಆವೃತ್ತಿಯಲ್ಲಿ, ಅವರು ತಂದದ್ದು ಇನ್ನೂ ಮುಖ್ಯವಾದದ್ದು. ಹೊರೆಯ ಗಾತ್ರ ಇನ್ನು ಮೇಲೆ ಕಣ್ಣು ಮುಚ್ಚಿಕೊಂಡು 64 ಕಿಲೊಬೈಟ್ ಅಲ್ಲ. ಈ ಸಂಪರ್ಕ ಈಗ ಯಾವ ವೇಗದಲ್ಲಿ ಹೋಗುತ್ತಿದೆ ಎಂದು ಕರ್ನಲ್ ಅಂದಾಜು ಮಾಡಿ, ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಸಾಗುವಷ್ಟನ್ನು ಮಾತ್ರ ಹೊರೆ ಕಟ್ಟಬೇಕು. ದಾರಿ ಅಗಲವಾಗಿದ್ದರೆ ದೊಡ್ಡ ಹೊರೆ. ಇಕ್ಕಟ್ಟಾಗಿದ್ದರೆ ಎರಡೇ ಪ್ಯಾಕೆಟ್ಟಿಗೆ ಇಳಿಯುತ್ತದೆ. ನಮ್ಮ 1 ಮೆಗಾಬಿಟ್‌ನ ಸಂಜೆಯಲ್ಲಿ ಎರಡು ಪ್ಯಾಕೆಟ್ ದಾಟುವುದಕ್ಕೆ 24 ಮಿಲಿಸೆಕೆಂಡ್. ಅರ್ಧ ಸೆಕೆಂಡೆಲ್ಲಿ, ಇದೆಲ್ಲಿ! ಕೊನೆಯವರೆಗೂ ಬಿಚ್ಚಬೇಡಿ ಎಂಬ ಹಳೆಯ ವಿವೇಕ ಉಳಿಯಿತು. ದಾರಿ ನೋಡಿ ಹೊರೆ ಕಟ್ಟಿ ಎಂಬ ಹೊಸ ವಿವೇಕ ಸೇರಿತು.

ಇಷ್ಟಾದರೂ ಮನೆಯ ರೂಟರಿನ ಸಮಸ್ಯೆ ಪೂರ್ತಿ ತೀರುವುದಿಲ್ಲ. ಹಲವು ಯಂತ್ರಗಳ ಪ್ಯಾಕೆಟ್‌ಗಳು ಅಲ್ಲಿ ಕೂಡುತ್ತವೆ, ಅದರ ಜಿಆರ್‌ಒ ಅವನ್ನು ಮತ್ತೆ ಹೊರೆ ಕಟ್ಟುತ್ತದೆ. 2018ರಲ್ಲಿ ಲಿನಕ್ಸಿಗೆ ಸೇರಿದ ಕೇಕ್ ಎಂಬ ಸಾಲು ನಿರ್ವಾಹಕ ಇಂಥ ಹೊರೆಗಳನ್ನು ಸಾಲಿಗೆ ಸೇರಿಸುವಾಗಲೇ ಬಿಚ್ಚಿಬಿಡುತ್ತದೆ, ನಿಧಾನದ ಸಂಪರ್ಕಗಳಲ್ಲಿ ಫೋಟೊ, ಮಾತಿನಂಥ ಬೇರೆ ಬೇರೆ ಹರಿವುಗಳ ಪ್ಯಾಕೆಟ್‌ಗಳು ಒಂದರ ನಡುವೆ ಒಂದು ನುಸುಳಲಿ ಎಂದು. ಪ್ರೊಸೆಸರಿಗೆ ಒಂದಿಷ್ಟು ಶ್ರಮ ಜಾಸ್ತಿ. ನಿಧಾನದ ದಾರಿಯಲ್ಲಿ ಪ್ರೊಸೆಸರಿಗೆ ಬಿಡುವು ಇದ್ದೇ ಇರುತ್ತದಲ್ಲ, ಆ ಶ್ರಮ ಭಾರವಲ್ಲ.

ಸುರತ್ಕಲ್ಲಿನ ಪಾಲು ಬರುವುದು ಈ ಸಾಲಿನ ವಿಚಾರದಲ್ಲೇ. ಕಡಲ ದಂಡೆಯಲ್ಲಿರುವ ಎನ್‌ಐಟಿಕೆ, ಹಿರಿಯರು ಈಗಲೂ ಕೆಆರ್‌ಇಸಿ ಎನ್ನುವ ಕಾಲೇಜು, 1960ರಲ್ಲಿ ಶುರುವಾದದ್ದು. ಅಲ್ಲಿನ ಕಂಪ್ಯೂಟರ್ ವಿಭಾಗದ ಪ್ರಾಧ್ಯಾಪಕ ಮೋಹಿತ್ ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು ಪೈ ಎಂಬ ವಿಧಾನದ ಮೇಲೆ ಕೆಲಸ ಮಾಡಿದರು. ಸಾಲಿನಲ್ಲಿ ಪ್ಯಾಕೆಟ್ ಎಷ್ಟು ಹೊತ್ತು ಕಾಯುತ್ತಿದೆ ಎಂದು ಪೈ ಲೆಕ್ಕ ಇಡುತ್ತದೆ. ಕಾಯುವಿಕೆ 15 ಮಿಲಿಸೆಕೆಂಡ್ ದಾಟುತ್ತ ಹೋದರೆ ಕೆಲವು ಪ್ಯಾಕೆಟ್‌ಗಳನ್ನು ಬೇಕೆಂದೇ ಕೈಬಿಡುತ್ತದೆ. ಕೈಬಿಟ್ಟದ್ದು ಕಳಿಸಿದವರಿಗೆ ಗೊತ್ತಾಗಿ ಅವರು ವೇಗ ತಗ್ಗಿಸುತ್ತಾರೆ. ಈ ವಿಧಾನವನ್ನು ರೂಪಿಸಿದ್ದು ಸಿಸ್ಕೊ ಸಂಸ್ಥೆಯವರು. 2017ರಲ್ಲಿ ಅದರ ವಿವರಣೆ ಆರ್‌ಎಫ್‌ಸಿ 8033 ಎಂಬ ಅಂತರ್ಜಾಲ ದಾಖಲೆಯಾಗಿ ಪ್ರಕಟವಾಯಿತು. ಲಿನಕ್ಸಿನಲ್ಲಿ ಆಗಲೇ ಇದ್ದ ಪೈ ಆ ವಿವರಣೆಗೆ ಪೂರ್ತಿ ಹೊಂದುತ್ತಿರಲಿಲ್ಲ. ಸುರತ್ಕಲ್ಲಿನವರು ಅದನ್ನು ತಿದ್ದಿದರು. ಆಮೇಲೆ ಎಲ್ಲರಿಗೂ ಒಂದೇ ಸಾಲು ಇರುವ ಬದಲು ಹರಿವು ಹರಿವಿಗೂ ಬೇರೆ ಸಾಲು ಕೊಟ್ಟು, ಪ್ರತಿ ಸಾಲಿನ ಮೇಲೂ ಪೈ ಕಾವಲಿಡುವ ಎಫ್‌ಕ್ಯೂ ಪೈ ಎಂಬುದನ್ನು ಲಿನಕ್ಸಿಗಾಗಿ ಬರೆದರು. 2020ರ ಮಾರ್ಚ್‌ನಲ್ಲಿ ಬಿಡುಗಡೆಯಾದ 5.6 ಆವೃತ್ತಿಯಲ್ಲಿ ಅದು ಸೇರಿತು. ಫೋಟೊಗೆ ಒಂದು ಸಾಲು, ಅಜ್ಜಿಯ ಮಾತಿಗೆ ಇನ್ನೊಂದು ಸಾಲು. ಒಂದರ ದಟ್ಟಣೆ ಇನ್ನೊಂದರ ಮೇಲೆ ಬೀಳುವುದಿಲ್ಲ. ಎಫ್‌ಕ್ಯೂ ಪೈ ಬರೆದಿರುವ ಕಡತ ಕರ್ನಲ್ಲಿನ ನೆಟ್‌ವರ್ಕ್ ಭಾಗದಲ್ಲಿ ಸಾಲುಗಳ ಫೋಲ್ಡರಿನಲ್ಲಿದೆ. ಅದರ ತಲೆಬರಹದಲ್ಲಿ ಅವರ ಹೆಸರುಗಳಿವೆ. ಯಾರು ಬೇಕಾದರೂ ತೆರೆದು ಓದಬಹುದು, ಬೇಕಾದರೆ ತಿದ್ದಿ ಕಳಿಸಬಹುದು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳಿಗೆ ಇಲ್ಲಿ ನನ್ನದೊಂದು ಕಳಕಳಿಯ ವಿನಂತಿ. ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಹಾಸನದಲ್ಲಾಗಲಿ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಹುಡುಗರು ವಿಷಯ ಹುಡುಕಿಕೊಂಡು ಬಂದಾಗ ಈ ಕಡತಗಳನ್ನು ಅವರ ಮುಂದಿಡಿ. ಎಫ್‌ಕ್ಯೂ ಪೈ ಇರುವ ಕಡತ ಕೆಲವು ನೂರು ಸಾಲಿನದು, ವಾರದಲ್ಲಿ ಓದಿ ಮುಗಿಸಬಹುದು. ಎರಡು ಹಳೆಯ ಕಂಪ್ಯೂಟರು, ನಡುವೆ ಒಂದು ತಂತಿ, ವೇಗವನ್ನು ಬೇಕೆಂದೇ ತಗ್ಗಿಸುವ ಒಂದು ಆದೇಶ ಇದ್ದರೆ ಹಳ್ಳಿಯ ಸಂಜೆಯ ಸಂಪರ್ಕವನ್ನು ಲ್ಯಾಬಿನಲ್ಲೇ ನಿಲ್ಲಿಸಿಕೊಳ್ಳಬಹುದು. ಒಂದು ಕಡೆ ದೊಡ್ಡ ಕಡತ ಕಳಿಸುತ್ತ, ಇನ್ನೊಂದು ಕಡೆ ಪಿಂಗ್ ಮಾಡುತ್ತ, ಟಿಎಸ್‌ಒ ಹಾಕಿ ತೆಗೆದು, ಸಾಲಿನ ನಿರ್ವಾಹಕ ಬದಲಿಸಿ, ಉತ್ತರ ಬರಲು ಹಿಡಿಯುವ ಮಿಲಿಸೆಕೆಂಡು ಹೇಗೆ ಏರುತ್ತದೆ, ಇಳಿಯುತ್ತದೆ ಎಂದು ಬರೆದುಕೊಳ್ಳಲಿ. ಇದಕ್ಕೆ ಖರ್ಚಿಲ್ಲ. ಸಿಗುವ ಅಂಕಿಗಳು ಅವರವೇ ಆಗಿರುತ್ತವೆ.

ಕೆಲಸ ಬೇಕಾದಷ್ಟು ಉಳಿದಿದೆ ಕೂಡ. ದೊಡ್ಡ ಡೇಟಾ ಸೆಂಟರುಗಳಿಗೆ 64 ಕಿಲೊಬೈಟೂ ಸಾಲದೆ, 2022ರಿಂದ ಲಿನಕ್ಸಿನಲ್ಲಿ ಅದಕ್ಕಿಂತ ದೊಡ್ಡ ಹೊರೆ ಕಟ್ಟುವ ಅವಕಾಶ ಬಂದಿದೆ, ಮೊದಲು ಐಪಿ ಆವೃತ್ತಿ 6ಕ್ಕೆ, ಆಮೇಲೆ ಆವೃತ್ತಿ 4ಕ್ಕೂ. ಅದು ಅವರ ಲೋಕ. ನಮ್ಮ ಫೋನುಗಳಲ್ಲಿ ಮಾತ್ರ ಬೇರೊಂದು ಬದಲಾವಣೆ ನಡೆದಿದೆ. ವಿಡಿಯೊ ತಾಣಗಳೂ ಬ್ರೌಸರುಗಳೂ ಈಚೆಗೆ ಟಿಸಿಪಿಯ ಬದಲು ಕ್ವಿಕ್ ಎಂಬ ನಿಯಮಾವಳಿ ಬಳಸುತ್ತಿವೆ, ಅದು ಓಡುವುದು ಯುಡಿಪಿ ಎಂಬ ಇನ್ನೊಂದು ಸರಳ ನಿಯಮಾವಳಿಯ ಮೇಲೆ. ಅದರಲ್ಲಿ ಪ್ರತಿ ಪ್ಯಾಕೆಟ್ಟಿಗೂ ಬೇರೆ ಬೀಗಮುದ್ರೆ; ಕ್ರಮಸಂಖ್ಯೆಯೂ ಗುಪ್ತಲಿಪಿಯ ಒಳಗೆ. ಹಾಗಾಗಿ ಒಂದು ಹೆಡರ್ ಕೊಡಿ, ನಾನು ನಕಲು ಮಾಡಿಕೊಳ್ಳುತ್ತೇನೆ ಎನ್ನುವ ಕಾರ್ಡಿನ ಹಳೆಯ ವಿದ್ಯೆ ಪೂರ್ತಿ ನಡೆಯುವುದಿಲ್ಲ. 2018ರಲ್ಲಿ 4.18 ಆವೃತ್ತಿ ಇದಕ್ಕೆ ಅರ್ಧ ದಾರಿ ತೋರಿಸಿತು. ಆಪ್ ತಾನೇ ಸಮ ಗಾತ್ರದ ಪ್ಯಾಕೆಟ್‌ಗಳನ್ನು ಬೀಗ ಹಾಕಿ, ಒಂದರ ಹಿಂದೆ ಒಂದು ಜೋಡಿಸಿ ಒಂದೇ ಹೊರೆಯಾಗಿ ಕೊಡುತ್ತದೆ. ಕರ್ನಲ್ ಕೊನೆಯಲ್ಲಿ ಅಳತೆ ಹಿಡಿದು ಬಿಡಿಸುತ್ತದೆ. ದಾರಿ ನಡೆಯುವ ಶ್ರಮ ಉಳಿಯಿತು, ಬೀಗ ಹಾಕುವ ಶ್ರಮ ಉಳಿಯಲಿಲ್ಲ. ಬೀಗ ಹಾಕುವುದನ್ನೂ ಕೊನೆಯ ಗಳಿಗೆಗೆ ತಳ್ಳಿ ಕಾರ್ಡಿಗೇ ಒಪ್ಪಿಸಬೇಕಾದರೆ ಗುಪ್ತ ಕೀಲಿಯನ್ನೂ ಅದರ ಕೈಗೆ ಕೊಡಬೇಕು. 2005ರಲ್ಲಿ ಎಳೆದ ಆ ಗೆರೆ, ಕಾರ್ಡಿಗೆ ದುಡಿಮೆ ಕೊಡಿ, ಅಧಿಕಾರ ಬೇಡ ಎಂಬುದು, ಇಲ್ಲಿ ಎಷ್ಟು ಸರಿಯಬೇಕು ಎಂಬ ಪ್ರಶ್ನೆಗೆ ಕರ್ನಲ್ ಬರೆಯುವವರು ಉತ್ತರ ಹುಡುಕಬೇಕಿದೆ.